ಚಳಿಗಾಲದ ಮುನ್ನೋಟವನ್ನು ಅಡಿಕೆ ಬೆಳೆಗಾರರು ಓದುವುದು ಹೇಗೆ?

ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಬೇಯಿಸಿದ ಅಡಿಕೆ ಅಂಗಳದಲ್ಲಿರುವಾಗ ನಾಲ್ಕು ದಿನ ಮೋಡ ಕಟ್ಟಿದರೆ ಸಾಕು, ಬೂಸ್ಟು ಹಿಡಿಯುತ್ತದೆ. ಹಾಗಾಗಿ ಹವಾಮಾನ ಇಲಾಖೆಯ ಚಳಿಗಾಲದ ಮುನ್ನೋಟವನ್ನು ಸುಮ್ನೆ ಓದಿ ಮಡಚಿಡಬೇಡಿ.

ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಮುನ್ನೋಟ ಡಿಸೆಂಬರ್ ಶುರುವಾಗುವ ಹೊತ್ತಿಗೆ ಬರುತ್ತದೆ. ಅದರಲ್ಲಿ ಹಗಲಿನ ಗರಿಷ್ಠ ಉಷ್ಣಾಂಶಕ್ಕೊಂದು ನಕ್ಷೆ, ರಾತ್ರಿಯ ಕನಿಷ್ಠಕ್ಕೊಂದು ನಕ್ಷೆ ಇರುತ್ತದೆ. ಮೊದಲು ಕನಿಷ್ಠದ ನಕ್ಷೆಯಲ್ಲಿ ಮಲೆನಾಡನ್ನು ಹುಡುಕಿ. ಹಿಮಪಾತದ ಸುದ್ದಿ ಬಂದರೆ ದಾಟಿ ಮುಂದೆ ಹೋಗಿ. ಅದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಮಾತು. ನಮ್ಮಲ್ಲಿ ಬೀಳುವುದು ಇಬ್ಬನಿ.

ಆಮೇಲೆ ಶೇಕಡಾ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ‘ವಾಡಿಕೆಗಿಂತ ಜಾಸ್ತಿ, ಶೇ 45’ ಅಂದರೆ ಚಳಿ ಇಲ್ಲವೇ ಇಲ್ಲ ಎಂದಲ್ಲ. ಜಾಸ್ತಿ, ವಾಡಿಕೆಯಷ್ಟು, ಕಡಿಮೆ ಎಂದು ಮೂರು ಪಾಲು ಮಾಡಿರುತ್ತಾರೆ. ಯಾವ ಸುಳಿವೂ ಇಲ್ಲದಿದ್ದರೆ ಒಂದೊಂದಕ್ಕೂ ಶೇ 33ರಷ್ಟು ಅವಕಾಶ. 45 ಎಂದರೆ ತಕ್ಕಡಿ ಒಂದು ಕಡೆ ಸ್ವಲ್ಪ ವಾಲಿದೆ, ಅಷ್ಟೇ. ಅದೂ ಮೂರು ತಿಂಗಳ ಸರಾಸರಿಗೆ. ನಡುವೆ ಒಂದು ವಾರ ಹಲ್ಲು ಕಟಕಟ ಎನ್ನುವ ಚಳಿ ಬರಬಹುದು.

ಈಗ ನಮಗೆ ಬೇಕಾದ ಸೂಕ್ಷ್ಮ. ರಾತ್ರಿ ಆಕಾಶ ಶುಭ್ರವಾಗಿದ್ದರೆ ನೆಲದ ಕಾವು ಮೇಲೆ ಹಾರಿಹೋಗುತ್ತದೆ, ಬೆಳಗ್ಗೆ ಚಳಿ ಕಡಿಯುತ್ತದೆ. ಮೋಡವಿದ್ದರೆ ಕಂಬಳಿ ಹೊದ್ದಂತೆ ಕಾವು ಉಳಿಯುತ್ತದೆ. ಚಳಿ ಚೆನ್ನಾಗಿ ಬಿದ್ದ ದಿನ ಹಗಲಲ್ಲಿ ಬಿಸಿಲೂ ಚೆನ್ನಾಗಿರುವುದನ್ನು ನೀವೂ ಕಂಡಿರುತ್ತೀರಿ, ಅಲ್ವಾ? ರಾತ್ರಿ ಬೆಚ್ಚಗಿರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ, ನಿಜ. ಆದರೂ ಕನಿಷ್ಠ ಉಷ್ಣಾಂಶ ಜಾಸ್ತಿ ಎಂದು ಓದಿದರೆ ಮೋಡದ ದಿನಗಳಿಗೂ ತಯಾರಿರುವುದು ಒಳ್ಳೆಯದು. ಮುಚ್ಚಲು ಟಾರ್ಪಾಲು, ಒಳಗೆ ಒಣಗಿಸಲು ಡ್ರೈಯರ್ ಅಥವಾ ಒಲೆಯ ಮೇಲಿನ ಅಟ್ಟ ಸಿದ್ಧವಿರಲಿ.

ಇಡೀ ಜಿಲ್ಲೆಯ ಅಂದಾಜು ನಿಮ್ಮ ಮನೆಗೆ ಹೊಂದಬೇಕೆಂದಿಲ್ಲ. ತಣ್ಣನೆಯ ಗಾಳಿ ಭಾರ, ರಾತ್ರಿ ಗುಡ್ಡದಿಂದ ಜಾರಿ ಕಣಿವೆಯಲ್ಲಿ ನಿಲ್ಲುತ್ತದೆ. ತೋಟ ಇರುವುದೂ ಅಲ್ಲೇ. ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರ್ ಒಂದನ್ನು ನೆರಳಿನಲ್ಲಿ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ತೂಗುಹಾಕಿ. ಅಡಿಕೆ ಬೇಯಿಸುವ ಒಲೆಯಿಂದ ದೂರವಿರಲಿ. ದಿನಾ ಒಂದೇ ಹೊತ್ತಿಗೆ ಬರೆದಿಡಿ, ಮೋಡವಿತ್ತೋ ಇಲ್ಲವೋ ಅದನ್ನೂ ಸೇರಿಸಿ. ಎರಡು ಮೂರು ಚಳಿಗಾಲ ಕಳೆದರೆ ನಿಮ್ಮ ಅಂಗಳದ ವಾಡಿಕೆ ನಿಮಗೇ ತಿಳಿಯುತ್ತದೆ.

ಕೊನೆ ಇಳಿಸುವ ದಿನ ಗೊತ್ತುಮಾಡಲು ಮಾತ್ರ ಮೂರು ತಿಂಗಳ ಮುನ್ನೋಟ ನಂಬಬೇಡಿ. ಡಿಸೆಂಬರ್‌ನಲ್ಲೂ ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಏಳುವುದುಂಟು, ಅದರ ಮೋಡ ನಮ್ಮವರೆಗೂ ಬರುತ್ತದೆ. ಅದಕ್ಕೆ ಐದು ದಿನದ ಮುನ್ಸೂಚನೆ ನೋಡಿ. ಮಳೆಯ ಸೂಚನೆ ಇದ್ದರೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ ಹಿಂದಿನ ದಿನವೇ ಫೋನ್ ಮಾಡಿ. ಬೆಳಗ್ಗೆ ಅವರು ಬಂದು ವಾಪಸು ಹೋಗುವಂತಾಗಬಾರದು.