ಹೊರವರ್ತುಲ ರಸ್ತೆಯಲ್ಲಿ ಸೈಕಲ್ ಏರಿ ಕಚೇರಿಗೆ ಹೋಗುವ ಬಗೆ

ಬೆಂಗಳೂರಿನಲ್ಲಿ ಸೈಕಲ್ ಏರಿ ಕಚೇರಿಗೆ ಹೊರಟವರು ಬೇಗನೆ ಕೈಬಿಡುವುದು ದೂರಕ್ಕೆ ಅಂಜಿ ಅಲ್ಲ, ಜಂಕ್ಷನ್‌ಗಳಿಗೆ ಅಂಜಿ. ಹೊರವರ್ತುಲ ರಸ್ತೆಯಲ್ಲಿ (ಔಟರ್ ರಿಂಗ್ ರೋಡ್) ಸಿಲ್ಕ್ ಬೋರ್ಡ್‌ನಿಂದ ಲೌರಿ ಜಂಕ್ಷನ್‌ವರೆಗೆ 2020ರಲ್ಲಿ ರೂಪಿಸಿದ್ದ 17 ಕಿ.ಮೀ. ಸೈಕಲ್ ಪಥವು ಮೆಟ್ರೊ ಕಾಮಗಾರಿಯಲ್ಲಿ ಬಹುಮಟ್ಟಿಗೆ ಕಾಣೆಯಾಗಿರುವುದರಿಂದ, ದಾರಿಯನ್ನು ನಾವೇ ಹುಡುಕಿಕೊಳ್ಳಬೇಕು. ಕೋರಮಂಗಲದಿಂದ ಅಗರ, ಇಬ್ಬಲೂರಿನ ಮೂಲಕ ಸರ್ಜಾಪುರ ರಸ್ತೆಗೆ ಹೋಗುವವರನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಮೊಬೈಲ್ ನಕ್ಷೆಯಲ್ಲಿ ಕಾರಿನ ಬದಲು ನಡಿಗೆಯ ಆಯ್ಕೆ ಒತ್ತಿ. ಕಾರಿನ ದಾರಿ ನಿಮ್ಮನ್ನು ನೇರ ಮೇಲ್ಸೇತುವೆಗೆ ಹತ್ತಿಸುತ್ತದೆ. ಕೆರೆ ದಂಡೆಯ ನಡಿಗೆ ಪಥವನ್ನು ನಂಬಿ ಯೋಜನೆ ಹಾಕಬೇಡಿ: ಹಲವು ಕೆರೆಗಳಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ, ಗೇಟಿಗೆ ಬೀಗವೂ ಬಿದ್ದಿರಬಹುದು. ಒಂದು ಭಾನುವಾರ ಬೆಳಿಗ್ಗೆ ಇಡೀ ದಾರಿಯನ್ನು ತುಳಿದು ನೋಡಿ.

ಅಗರದಲ್ಲಿ ಎಡಕ್ಕೆ, ಹೊರವರ್ತುಲ ರಸ್ತೆಗೆ ತಿರುಗುವುದು ಸುಲಭ. ಅಲ್ಲಿಂದ ಮುಂದೆ ಸರ್ವಿಸ್ ರಸ್ತೆಯಲ್ಲೇ ಇರಿ. ಆದರೆ ಅದರ ಎಡ ಅಂಚಿಗೆ ಅಂಟಿಕೊಳ್ಳಬೇಡಿ. ಅಲ್ಲಿನ ಚರಂಡಿ ಜಾಲರಿಯ ಸರಳುಗಳು ಎಷ್ಟೋ ಕಡೆ ರಸ್ತೆಯ ಉದ್ದಕ್ಕೇ ಇರುವುದರಿಂದ ತೆಳು ಟೈರು ಸಂದಿಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಅಂಚಿನಿಂದ ಒಂದು ಮೀಟರಿನಷ್ಟು ಒಳಗಿರುವುದೇ ಸರಿ. ನಿಂತ ಬಿಎಂಟಿಸಿ ಬಸ್ಸಿನ ಎಡಬದಿಯಿಂದ ಎಂದಿಗೂ ನುಗ್ಗಬೇಡಿ, ಏಕೆಂದರೆ ಪ್ರಯಾಣಿಕರು ಇಳಿಯುವುದು ಅದೇ ಕಡೆಗೆ.

ಹೆಚ್ಚಿನವರು ಎಡವುವುದು ಮುಖ್ಯರಸ್ತೆಗೂ ಸರ್ವಿಸ್ ರಸ್ತೆಗೂ ನಡುವಿನ ವಿಭಜಕದಲ್ಲಿ ಬಿಟ್ಟಿರುವ ತೆರವುಗಳ ಬಳಿ. ಮೇಲ್ಸೇತುವೆ ಹತ್ತದ ವಾಹನಗಳು ಮುಖ್ಯರಸ್ತೆಯಿಂದ ವೇಗವಾಗಿ ಎಡಕ್ಕೆ ಸರಿದು ಸರ್ವಿಸ್ ರಸ್ತೆಗೆ ನುಗ್ಗುವುದು ಇಲ್ಲಿಯೇ. ತೆರವಿಗೆ ಸುಮಾರು ಐವತ್ತು ಮೀಟರ್ ಮೊದಲೇ ಪೆಡಲ್ ನಿಧಾನಿಸಿ, ಬಲಭುಜದ ಮೇಲಿಂದ ಪೂರ್ತಿ ತಿರುಗಿ ನೋಡಿ. ಹ್ಯಾಂಡಲ್‌ಗೆ ಸಿಕ್ಕಿಸುವ ಅಗ್ಗದ ಕನ್ನಡಿ ಅದುರುವುದರಿಂದ ಅದನ್ನು ನೆಚ್ಚಬೇಡಿ. ವಾಹನ ಬರುತ್ತಿದ್ದರೆ ಅದು ಮುಂದೆ ಹೋಗಲಿ. ದಾರಿ ಬಿಡುವಾಗಿದ್ದರೆ ಕೈ ತೋರಿಸಿ, ಲೇನಿನ ನಡುವಿಗೆ ಬಂದು, ಅಳುಕದೆ ನೇರವಾಗಿ ಸಾಗಿ. ಅರ್ಧ ಎಡಕ್ಕೂ ಅರ್ಧ ನೇರಕ್ಕೂ ಓಲಾಡುವ ಸೈಕಲ್ಲನ್ನು ಕಂಡರೆ ಹಿಂದಿನ ಚಾಲಕನಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಮೇಲ್ಸೇತುವೆ ಇಳಿಯುವ ತುದಿಯಲ್ಲೂ ಇದೇ ಕ್ರಮ ಅನ್ವಯಿಸುತ್ತದೆ.

ನಾಲ್ಕು ದಾರಿ ಕೂಡುವಲ್ಲಿ ಬಲಕ್ಕೆ ತಿರುಗುವುದಿದ್ದರೆ ಹಸಿರು ದೀಪಕ್ಕೆ ನೇರ ಹೋಗಿ, ಎದುರು ಮೂಲೆಯಲ್ಲಿ ನಿಂತು, ಸೈಕಲ್ಲನ್ನು ಬಲಕ್ಕೆ ಮುಖ ಮಾಡಿಸಿ, ಅಡ್ಡರಸ್ತೆಯ ಹಸಿರಿಗೆ ಕಾಯಬೇಕು. ಒಂದು ಸಿಗ್ನಲ್ ಹೆಚ್ಚು ತಗಲಿದರೂ ಇದಕ್ಕಿಂತ ಸುರಕ್ಷಿತ ಉಪಾಯವಿಲ್ಲ. ಸರ್ಜಾಪುರ ರಸ್ತೆ ಬಲಕ್ಕೆ ಕವಲೊಡೆಯುವ ಇಬ್ಬಲೂರಿನಂತಹ ಕಡೆ, ಬ್ಯಾರಿಕೇಡ್‌ಗಳ ಜಾಗ ಬದಲಾಗುತ್ತಲೇ ಇರುವುದರಿಂದ, ಇಳಿದು ಪಾದಚಾರಿಗಳ ಜೊತೆ ಸೈಕಲ್ ತಳ್ಳಿಕೊಂಡು ದಾಟಿ. ಸಮಯ ಉಳಿಸಲು ಎದುರು ದಿಕ್ಕಿನಲ್ಲಿ ತುಳಿಯುವ ಒಳದಾರಿಯನ್ನು ಯಾರು ಹೇಳಿಕೊಟ್ಟರೂ ಒಪ್ಪಬೇಡಿ.

ಸೈಕಲ್ಲಿನ ಹಿಂಬದಿಗೆ ಕೆಂಪು ದೀಪ ಇರಲೇಬೇಕು; ಬಟನ್ ಸೆಲ್ಲಿನ ಸಣ್ಣ ದೀಪಗಳು ಒಂದು ಮಳೆಗೇ ಕೆಡುತ್ತವೆ, ಚಾರ್ಜ್ ಮಾಡುವಂಥದ್ದನ್ನೇ ಕೊಳ್ಳಿ. ಮಳೆಗಾಲದ ಸಂಜೆ ಸರ್ವಿಸ್ ರಸ್ತೆಯಲ್ಲಿ ನೀರು ನಿಂತಿದ್ದರೆ ಅದರೊಳಗೆ ತುಳಿಯಬೇಡಿ. ತಳದಲ್ಲಿ ಮ್ಯಾನ್‌ಹೋಲ್ ಬಾಯ್ತೆರೆದಿರಬಹುದು. ಇಳಿದು ಫುಟ್‌ಪಾತ್ ಮೇಲೆ ತಳ್ಳಿಕೊಂಡು ಹೋಗಿ.