ಛಾಯಾಗ್ರಹಣದ ಪುಸ್ತಕವನ್ನು ಆರಿಸಿಕೊಳ್ಳುವ ಬಗೆ

ಛಾಯಾಗ್ರಹಣ ಕಲಿಯಲು ಪುಸ್ತಕ ಕೊಳ್ಳಬೇಕೆಂದಿರುವವರು ಮೊದಲು ತಾವು ತೆಗೆದ ಚಿತ್ರಗಳಲ್ಲಿ ಮನಸ್ಸಿಗೆ ಒಪ್ಪದಿರುವವನ್ನು ಬೇರೆ ಮಾಡಿ, ಪ್ರತಿಯೊಂದೂ ಏಕೆ ಒಪ್ಪಲಿಲ್ಲವೆಂದು ಒಂದೊಂದು ಸಾಲು ಬರೆದಿಟ್ಟುಕೊಳ್ಳಬೇಕು. ಗದಗದ ಬಳಿಯ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಪ್ಪು ಕಲ್ಲು ಚಿತ್ರದಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಎಕ್ಸ್‌ಪೋಷರಿನ, ಅಂದರೆ ಕ್ಯಾಮೆರಾದೊಳಗೆ ಬಿಟ್ಟ ಬೆಳಕಿನ ಪ್ರಮಾಣದ, ದೋಷ. ಅಲ್ಲಿನ ಬಾಗಿಲವಾಡದ ಸೂಕ್ಷ್ಮ ಕೆತ್ತನೆ ಆಳವಿಲ್ಲದೆ ಚಪ್ಪಟೆಯಾಗಿ ಕಂಡರೆ ಅದು ಬೆಳಕಿನ ದಿಕ್ಕಿನ ದೋಷ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸ್ಪಷ್ಟವಾಗಿ ಮೂಡಿದ್ದರೂ ಕಣ್ಣು ಎಲ್ಲಿ ನಿಲ್ಲಬೇಕೆಂಬುದು ತಿಳಿಯದಿದ್ದರೆ ಸಂಯೋಜನೆ, ಅಂದರೆ ಚೌಕಟ್ಟಿನೊಳಗಿನ ಜೋಡಣೆ, ಸಡಿಲವಾಗಿದೆ. ಈ ಮೂರಕ್ಕೂ ಬೇಕಾದ ಪುಸ್ತಕಗಳು ಬೇರೆ ಬೇರೆ. ಎಲ್ಲವನ್ನೂ ಒಂದೇ ಸಂಪುಟದಲ್ಲಿ ಕಲಿಸುತ್ತೇವೆನ್ನುವ ದಪ್ಪ ಪುಸ್ತಕಗಳಲ್ಲಿ ಕ್ಯಾಮೆರಾದ ಗುಂಡಿಗಳ ವಿವರಣೆಯೇ ಬಹುಪಾಲು ಪುಟಗಳನ್ನು ತುಂಬಿಕೊಂಡಿರುವುದುಂಟು. ಅಷ್ಟನ್ನು ಕ್ಯಾಮೆರಾದ ಜೊತೆ ಬರುವ ಕೈಪಿಡಿಯೇ ಹೇಳುತ್ತದೆ.

ಎಕ್ಸ್‌ಪೋಷರ್ ಕುರಿತ ಪುಸ್ತಕವನ್ನು ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರು ಏಕೆ ಮೋಸಹೋಗುತ್ತದೆ ಎಂಬುದನ್ನು ಅದು ವಿವರಿಸುತ್ತದೆಯೇ? ಮೀಟರು ತನ್ನೆದುರಿನ ದೃಶ್ಯವನ್ನು ನಡುವಣ ಬೂದು ಬಣ್ಣವೆಂದೇ ಭಾವಿಸುತ್ತದೆ. ಆದ್ದರಿಂದ ಚೌಕಟ್ಟನ್ನು ತುಂಬಿದ ಕಪ್ಪು ಕಲ್ಲನ್ನು ಅದು ಅಗತ್ಯಕ್ಕಿಂತ ಬೆಳ್ಳಗೆ ಮಾಡುತ್ತದೆ, ಸುಣ್ಣ ಬಳಿದ ಗೋಡೆಯನ್ನು ಮಂಕಾಗಿಸುತ್ತದೆ. ಕಲ್ಲಿನ ಕಪ್ಪು ಮರಳಿ ಬರಬೇಕಾದರೆ ಒಂದೋ ಎರಡೋ ಸ್ಟಾಪ್ ಬೆಳಕನ್ನು ಕಡಿಮೆ ಮಾಡಬೇಕು, ಒಂದು ಸ್ಟಾಪ್ ಎಂದರೆ ಅರ್ಧಕ್ಕರ್ಧ ಬೆಳಕು. ಇದನ್ನು ಕಾರಣಸಹಿತ ಹೇಳದೆ, ಸೂರ್ಯಾಸ್ತಕ್ಕೆ ಇಷ್ಟು, ಮದುವೆಮನೆಗೆ ಇಷ್ಟು ಎಂದು ಅಂಕಿಗಳ ಪಟ್ಟಿಯನ್ನಷ್ಟೇ ಕೊಡುವ ಪುಸ್ತಕವನ್ನು ಕೊಳ್ಳದಿರುವುದು ಒಳ್ಳೆಯದು, ಏಕೆಂದರೆ ಆ ಅಂಕಿಗಳು ಲೇಖಕರು ಅಂದು ನಿಂತಿದ್ದ ಬೆಳಕಿಗೆ ಮಾತ್ರ ಹೊಂದುತ್ತವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಶಿ ಹಾಕಿದ ಮೆಣಸಿನಕಾಯಿಯನ್ನು ತೆಗೆದವರಿಗೆ ಇನ್ನೊಂದು ತೊಡಕು ಗೊತ್ತಿರುತ್ತದೆ: ಒಟ್ಟಾರೆ ಎಕ್ಸ್‌ಪೋಷರ್ ಸರಿಯಾಗಿದ್ದರೂ ಕೆಂಪು ಮಾತ್ರ ಮಿತಿ ಮೀರಿ, ಕಾಯಿಗಳ ಸುಕ್ಕುಗಳೆಲ್ಲ ಅಳಿಸಿಹೋಗಿರುತ್ತವೆ. ಕೆಂಪು, ಹಸಿರು, ನೀಲಿ ಬಣ್ಣಗಳ ಹಂಚಿಕೆಯನ್ನು ತೋರಿಸುವ ನಕ್ಷೆಗಳಾದ ಹಿಸ್ಟೋಗ್ರಾಮ್‌ಗಳನ್ನು ಬೇರೆಬೇರೆಯಾಗಿ ಓದಲು ಕಲಿಸುವ ಅಧ್ಯಾಯವಿದ್ದರೆ ಆ ಪುಸ್ತಕಕ್ಕೆ ಕೊಟ್ಟ ಹಣ ಸಾರ್ಥಕ.

ಪುಸ್ತಕ ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಬಿಡಬಾರದು. ಸಾಫ್ಟ್‌ವೇರ್ ಕುರಿತ ಪುಸ್ತಕಗಳು ಬೇಗ ಹಳತಾಗುತ್ತವೆ, ಆದರೆ ಬೆಳಕಿನ ನಿಯಮಗಳು ಬದಲಾಗುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರು ಕ್ಯಾಮೆರಾ, ನೆಗೆಟಿವ್ ಮತ್ತು ಪ್ರಿಂಟ್ ಕುರಿತು ಬರೆದ ಮೂರು ಸಂಪುಟಗಳು ಫಿಲ್ಮ್ ಕಾಲದವು. ಆದರೂ ದೃಶ್ಯದ ಪ್ರತಿಯೊಂದು ಭಾಗ ಅಂತಿಮ ಮುದ್ರಣದಲ್ಲಿ ಎಷ್ಟು ಕಪ್ಪಾಗಿ, ಎಷ್ಟು ಬಿಳಿಯಾಗಿ ಕಾಣಬೇಕೆಂದು ಶಟರ್ ಒತ್ತುವ ಮುಂಚೆಯೇ ನಿರ್ಧರಿಸುವ ಅವರ ಜೋನ್ ಪದ್ಧತಿ ಇಂದಿಗೂ ಅಷ್ಟೇ ಉಪಯುಕ್ತ. ಓದುವಾಗ ಎರಡು ತಿದ್ದುಪಡಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೆಗೆಟಿವ್ ಫಿಲ್ಮಿನಲ್ಲಿ ನೆರಳಿನ ವಿವರ ಉಳಿಸಿಕೊಳ್ಳುವುದು ಮುಖ್ಯವಾಗಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಪೂರ್ತಿ ಬಿಳಿಯಾದ ಭಾಗ ಮತ್ತೆ ಸಿಗುವುದಿಲ್ಲವಾದ್ದರಿಂದ ಮೊದಲು ಬೆಳಕಿನ ಕಡೆಯನ್ನು ಕಾಯಬೇಕು. ಹಾಗೆಯೇ 35 ಮಿಲಿಮೀಟರ್ ಫಿಲ್ಮಿನ ಕಾಲದ ಪುಸ್ತಕ 50 ಮಿಲಿಮೀಟರ್ ಲೆನ್ಸ್ ಎಂದರೆ, ಎಪಿಎಸ್-ಸಿ ಎಂಬ ಸಣ್ಣ ಅಳತೆಯ ಸೆನ್ಸರಿನ ಕ್ಯಾಮೆರಾದಲ್ಲಿ ಸುಮಾರು 35 ಮಿಲಿಮೀಟರ್ ಲೆನ್ಸ್ ಅದೇ ನೋಟವನ್ನು ಕೊಡುತ್ತದೆ.

ನಮ್ಮ ಭಾಗದವರು ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಬೆಳಕಿನ ಪುಸ್ತಕಕ್ಕೇ ಎಂಬುದು ನನ್ನ ದೃಢ ಅಭಿಪ್ರಾಯ. ಬಯಲುಸೀಮೆಯ ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುವಾಗ ಯಾವ ಲೆನ್ಸೂ ಚಿತ್ರವನ್ನು ಕಾಪಾಡಲಾರದು. ಲಕ್ಕುಂಡಿಯಲ್ಲಿ ಕಡೆದು ನುಣುಪಾಗಿಸಿದ ಕಂಬಗಳ ಮೇಲಿನ ಹೊಳಪು ಒಂದು ಕಡೆಯಿಂದ ಕಂಡು ಇನ್ನೊಂದು ಕಡೆಯಿಂದ ಮಾಯವಾಗುವುದೇಕೆಂದು ತಿಳಿಯಬೇಕಾದರೆ ಪ್ರತಿಫಲನದ ಕೋನಗಳನ್ನು ಅರಿಯಬೇಕು. ‘ಲೈಟ್: ಸೈನ್ಸ್ ಅಂಡ್ ಮ್ಯಾಜಿಕ್’ ಎಂಬ ಇಂಗ್ಲಿಷ್ ಪುಸ್ತಕ ಇದನ್ನೇ ರೇಖಾಚಿತ್ರಗಳ ಮೂಲಕ ವಿವರಿಸುತ್ತದೆ. ಅದರ ಉದಾಹರಣೆಗಳು ಸ್ಟುಡಿಯೋದ ಗಾಜು ಮತ್ತು ಲೋಹದವಾದರೂ ನಿಯಮ ಕಲ್ಲಿಗೂ ಅನ್ವಯಿಸುತ್ತದೆ. ಇಂಗ್ಲಿಷ್ ಓದು ನಿಧಾನವೆನ್ನುವವರು ಹೀಗೆ ರೇಖಾಚಿತ್ರಗಳಿರುವ ಪುಸ್ತಕಗಳನ್ನೇ ಆರಿಸಿಕೊಂಡರೆ ಭಾಷೆ ಅಷ್ಟಾಗಿ ಅಡ್ಡಬಾರದು.

ಕೊಳ್ಳುವ ಮುನ್ನ ಯಾವುದಾದರೂ ಒಂದು ಅಧ್ಯಾಯವನ್ನು ಪೂರ್ತಿಯಾಗಿ ಓದಿ, ಅದರಲ್ಲಿ ಹೇಳಿದ್ದನ್ನು ಮರುದಿನ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲೋ ನಿಮ್ಮೂರಿನ ಸಂತೆಯಲ್ಲೋ ಮಾಡಿ ನೋಡಲು ಸಾಧ್ಯವೇ ಎಂದು ಯೋಚಿಸಿ. ದುಬಾರಿ ಫ್ಲ್ಯಾಶ್‌ಗಳಿಲ್ಲದೆ ಒಂದು ಅಭ್ಯಾಸವೂ ಆಗದಂತಿದ್ದರೆ ಆ ಪುಸ್ತಕ ಸದ್ಯಕ್ಕೆ ಬೇಡ.

ಸಂಯೋಜನೆಯನ್ನು ಕಲಿಯಲು ಮಾತ್ರ ನಿಯಮಗಳ ಪುಸ್ತಕಕ್ಕಿಂತ ಒಬ್ಬ ಛಾಯಾಗ್ರಾಹಕರ ಚಿತ್ರಗಳ ಸಂಪುಟವೇ ಮೇಲು. ಜನರ ನಡುವೆ ಚಿತ್ರ ತೆಗೆಯುವವರು ರಘುಬೀರ್ ಸಿಂಗ್ ಅವರ ವರ್ಣಚಿತ್ರಗಳನ್ನು, ರಘು ರಾಯ್ ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡಬೇಕು. ಕಿಕ್ಕಿರಿದ ಚೌಕಟ್ಟಿನಲ್ಲಿಯೂ ಪ್ರತಿಯೊಬ್ಬರಿಗೂ ಜಾಗ ದೊರೆಯುವುದು ಹೇಗೆಂಬುದು ಅಲ್ಲಿ ಕಾಣುತ್ತದೆ. ಒಂದೊಂದು ಚಿತ್ರದ ಮುಂದೆಯೂ ನಿಂತು ನೆರಳು ಯಾವ ಕಡೆ ಬಿದ್ದಿದೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಅಂಚಿನಲ್ಲಿ ಏನನ್ನು ಬಿಟ್ಟಿದ್ದಾರೆ ಎಂದು ಕೇಳಿಕೊಳ್ಳಬೇಕು. ಇಂತಹ ಸಂಪುಟಗಳ ಬೆಲೆ ಹೆಚ್ಚು. ಆದ್ದರಿಂದ ಧಾರವಾಡದ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಕ್ಕೆ ಪ್ರವೇಶವಿರುವವರು ಕಲೆಯ ಕಪಾಟುಗಳನ್ನು ಹುಡುಕಬೇಕು, ಇಲ್ಲದವರು ಆಸಕ್ತ ಗೆಳೆಯರೊಡನೆ ಹಣ ಕೂಡಿಸಿ ಒಂದು ಪ್ರತಿಯನ್ನು ತರಿಸಿ ಸರದಿಯ ಮೇಲೆ ಓದಬಹುದು. ಹಾಗೆ ತರಿಸುವಾಗ ಮುದ್ರಣದ ಗುಣಮಟ್ಟವನ್ನು ವಿಚಾರಿಸಿಕೊಳ್ಳಿ, ಏಕೆಂದರೆ ತೆಳುವಾದ ಕಾಗದದ ಅಗ್ಗದ ಮುದ್ರಣದಲ್ಲಿ ನೆರಳಿನ ವಿವರಗಳೆಲ್ಲ ಒಂದೇ ಕಪ್ಪಾಗಿ ಕಲಸಿಹೋಗಿರುತ್ತವೆ.