ಮಗ್ಗಿಗೆ ಮೊದಲು ಹುಣಸೆ ಬೀಜ

ಎರಡನೇ ತರಗತಿಯ ಮಗು ‘ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು’ ಎಂದು ರಾಗವಾಗಿ ಒಪ್ಪಿಸಿದರೆ ಮನೆಯವರಿಗೆ ಸಂತೋಷವಾಗುವುದು ಸಹಜ. ಆದರೆ ನಡುವೆ ತಡೆದು ‘ಎರಡೇಳ್ಲೆ ಎಷ್ಟು?’ ಎಂದು ಕೇಳಿದಾಗ ಅದು ಮತ್ತೆ ಮೊದಲಿನಿಂದ ಹೇಳಿಕೊಂಡು ಬರುತ್ತಿದ್ದರೆ, ಮಗ್ಗಿ ಬಾಯಿಗೆ ಬಂದಿದೆ, ಲೆಕ್ಕ ಇನ್ನೂ ಕೈಗೆ ಬಂದಿಲ್ಲ ಎಂದೇ ತಿಳಿಯಬೇಕು.

ಆದ್ದರಿಂದ ಬಾಯಿಪಾಠಕ್ಕೆ ಮುನ್ನ ಗುಂಪುಗಳನ್ನು ಎಣಿಸಲು ಕಲಿಸಿ. ಇಡ್ಲಿ ಹಿಟ್ಟು ಹೊಯ್ಯುವಾಗ ಮಗುವನ್ನು ಹತ್ತಿರ ಕರೆದು, ತಟ್ಟೆಗೆ ನಾಲ್ಕು ಗುಳಿಯಾದರೆ ಮೂರು ತಟ್ಟೆಗೆ ಎಷ್ಟು ಇಡ್ಲಿ ಎಂದು ಕೇಳಿ. ಮೊದಮೊದಲು ಅದು ಒಂದೊಂದಾಗಿ ಎಣಿಸುತ್ತದೆ, ಎಣಿಸಲಿ ಬಿಡಿ. ದಿನ ಕಳೆದಂತೆ ನಾಲ್ಕು, ಎಂಟು, ಹನ್ನೆರಡು ಎಂದು ಜಿಗಿಯತೊಡಗುತ್ತದೆ.

ಮುಂದಿನ ಪಾಠಕ್ಕೆ ಒಂದು ಹಿಡಿ ಹುಣಸೆ ಬೀಜ ಮತ್ತು ಒಂದು ಅಗಲವಾದ ತಟ್ಟೆ ಸಾಕು. (ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಬೀಜ ಅದರ ಕೈಗೆ ಸಿಗದಂತೆ ನೋಡಿಕೊಳ್ಳಿ, ಬಾಯಿಗೋ ಮೂಗಿಗೋ ಹಾಕಿಕೊಂಡೀತು.) ಸಾಲಿಗೆ ಐದರಂತೆ ಮೂರು ಸಾಲು ಜೋಡಿಸಿ, ಹದಿನೈದು ಎಂದು ಎಣಿಸಿದ ಮೇಲೆ, ಒಂದು ಬೀಜವೂ ಅಲುಗದಂತೆ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿ. ಈಗ ಮಗುವಿನ ಕಣ್ಣೆದುರು ಐದು ಸಾಲುಗಳಿವೆ, ಸಾಲಿಗೆ ಮೂರು ಬೀಜ. ಒಟ್ಟು ಬದಲಾಗಿಲ್ಲವೆಂಬುದನ್ನು ಅದು ತಾನಾಗಿಯೇ ಕಂಡುಕೊಳ್ಳಲಿ, ನೀವು ಹೇಳಿಬಿಡಬೇಡಿ. ಇದೊಂದು ಅರ್ಥವಾದರೆ ಒಂದರಿಂದ ಹತ್ತರವರೆಗಿನ ಮಗ್ಗಿಗಳ 100 ಲೆಕ್ಕಗಳು 55ಕ್ಕೆ ಇಳಿಯುತ್ತವೆ. ಅವುಗಳಲ್ಲಿ ಸುಲಭವಾದ 1, 2, 5 ಮತ್ತು 10ರ ಮಗ್ಗಿಗಳನ್ನು ಕಳೆದರೆ ನಿಜಕ್ಕೂ ಕಷ್ಟಪಟ್ಟು ಕಲಿಯಬೇಕಾದವು 21 ಮಾತ್ರ.

ಆ ಇಪ್ಪತ್ತೊಂದರಲ್ಲಿ ಮಕ್ಕಳನ್ನು ಹೆಚ್ಚು ಕಾಡುವುದು ಏಳೆಂಟ್ಲೆ. ಇಲ್ಲಿ ದುಪ್ಪಟ್ಟು ಮಾಡುವ ಅಭ್ಯಾಸ ಕೈಹಿಡಿಯುತ್ತದೆ: ಏಳೆರಡ್ಲೆ 14, ಅದರ ದುಪ್ಪಟ್ಟು 28, ಮತ್ತೊಮ್ಮೆ ದುಪ್ಪಟ್ಟು ಮಾಡಿದರೆ 56. ಒಂಬತ್ತರ ಮಗ್ಗಿಯಲ್ಲಿ 18, 27, 36 ಹೀಗೆ 90ರವರೆಗೆ ಪ್ರತಿ ಉತ್ತರದ ಎರಡು ಅಂಕಿಗಳನ್ನು ಕೂಡಿದರೆ ಒಂಬತ್ತೇ ಬರುತ್ತದೆ ಎಂಬುದನ್ನೂ ತೋರಿಸಿ.

ಹಾಗೆಂದು ಮಗ್ಗಿ ಒಪ್ಪಿಸುವುದನ್ನು ಕೈಬಿಡಬೇಕಾಗಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸುತ್ತಿದ್ದ ನಮ್ಮ ಹಿರಿಯರ ರೂಢಿ ಒಳ್ಳೆಯದೇ, ಅರ್ಥವಾದದ್ದು ನೆನಪಿನಲ್ಲಿ ಗಟ್ಟಿಯಾಗಲು ಅದು ಬೇಕು. ದಿನಕ್ಕೆ ಹತ್ತು ನಿಮಿಷ ಮೀರದಿರಲಿ, ಮೇಲಿನಿಂದ ಕೆಳಕ್ಕೆ ಹೇಳಿದ್ದನ್ನು ಕೆಳಗಿನಿಂದ ಮೇಲಕ್ಕೂ ಹೇಳಿಸಿ. ನೆಂಟರ ಮುಂದೆ ನಿಲ್ಲಿಸಿ ಮಾತ್ರ ಖಂಡಿತ ಕೇಳಬೇಡಿ, ಅಲ್ಲಿ ಹುಟ್ಟಿದ ಅಂಜಿಕೆ ಬೇಗ ಹೋಗುವುದಿಲ್ಲ. ಉತ್ತರ ತಪ್ಪಾದರೆ ಗದರದೆ, ‘ಬೀಜ ತಂದು ಜೋಡಿಸಿ ತೋರಿಸು, ಕಂದಾ’ ಎನ್ನಿ.